ಐದು ಮೀಟರ್

ಶನಿವಾರ ಬಟವಾಡೆ ಆದ ಮ್ಯಾಲೆ
ಬೆಂಗಳೂರು ರಸ್ತೆಯ ಸಂದಿ ಅಂಗಡಿಯಿಂದ
ಗಾದಿಲಿಂಗ ತಂದದ್ದು ಅಂಗೈಯಗಲದ ಡಬ್ಬಿ.
ಮುನ್ನೂರ ಎಂಬತ್ತು ಹೇಳಿದನಂತ, ಮುನ್ನೂರಕ್ಕ ಕೊಟ್ಟನಂತ.
ಒಳಗ ಸುರುಳಿ ಸುತ್ತಿದ ಬಿಳಿ ಪಟ್ಟಿ,
ಬಿಸ್ಕೀಟಿನಷ್ಟು ತೆಳ್ಳಗಿನ ರಿಮೋಟು,
ಅದರ ಮ್ಯಾಲೆ ಹುಡುಗರ ಪೆಪ್ಪರಮಿಂಟಿನಂಥ ಬಣ್ಣಬಣ್ಣದ ಗುಂಡಿ.

"ಟಿ.ವಿ. ಹಿಂದ ಹಚ್ಚೋದು," ಅಂದ.
"ಹಿಂದ ಹಚ್ಚಿದರ ಕಾಣೋದು ಹೆಂಗ?"
"ದೀಪ ಕಾಣಬಾರದು. ಬೆಳಕು ಕಾಣಬೇಕು."
ಇಂಥ ಮಾತು ಅವನ ಬಾಯಿಂದ ಬಂದದ್ದಕ್ಕ
ಇಬ್ಬರೂ ಒಂದು ಗಳಿಗಿ ಸುಮ್ಮನಾದಿವಿ.
ಅಂಗಡಿಯವನು ಹೇಳಿದ್ದಂತ, ಆಮೇಲೆ ಒಪ್ಪಿಕೊಂಡ.

ನಮ್ಮದು ಮೂವತ್ತೆರಡಿಂಚು.
ಹೊಲಿಗಿ ಟೇಪು ಹಿಡಿದು ಅಳದೆ:
ಸುತ್ತ ಎರಡೂಕಾಲು ಮೀಟರು, ಸಾಕು.
ಕತ್ತರಿಸಬ್ಯಾಡ, ಶಾರ್ಟ್ ಆಗತೈತಿ ಅಂತ ಅವನ ರಾಗ.
ಚಾಳೀಸು ಏರಿಸಿ ನೋಡಿದೆ. ಮೂರು ಮೂರು ದೀಪಕ್ಕೊಮ್ಮೆ
ಒಂದು ಗೆರಿ, ಗೆರಿ ಮ್ಯಾಲೆ ಎಳ್ಳುಕಾಳಿನಷ್ಟು ಕತ್ತರಿ ಚಿತ್ರ.
ಹದಿನಾಲ್ಕು ವರ್ಷ ಜೀನ್ಸ್ ಕತ್ತರಿಸಿದವಳಿಗೆ
ಯಾವ ಊರಿನವರೋ ಗುರುತು ಹಾಕಿ ಕಳಿಸ್ಯಾರ.
ಕಚಕ್.
ಅವನು ಕಣ್ಣು ಮುಚ್ಚಿಕೊಂಡಿದ್ದ.

ಮರುದಿನ ಮಧ್ಯಾಹ್ನ ತಗಡು ಕಾದ ಹೊತ್ತಿನಾಗ
ಅಂಟು ಬೆವತು, ಪಟ್ಟಿ ಜೋತು ಬಿತ್ತು,
ಜಾತ್ರಿ ಮುಗಿದ ಮ್ಯಾಲಿನ ತೋರಣದಂಗ.
ಬಳ್ಳಾರಿ ಬಿಸಿಲಿಗೆ ಬೆಟ್ಟದ ಬಂಡಿ ಸಿಪ್ಪಿ ಬಿಡತೈತಿ,
ಇದೇನು ಮಹಾ.
ದಿನಕ್ಕ ಸಾವಿರ ಲೂಪು ಹೊಲೀತೀನಿ, ಯಾರದೋ ಸೊಂಟದ ಬೆಲ್ಟಿಗೆ.
ಚಿಂದಿ ಬಟ್ಟಿಯಾಗ ಹನ್ನೆರಡು ನಮಗಂತ ಹೊಲಿದೆ,
ಫೆವಿಕ್ವಿಕ್ ಹಾಕಿ ಟಿ.ವಿ. ಬೆನ್ನಿಗೆ ಕೂಡಿಸಿ
ಪಟ್ಟಿ ತೂರಿಸಿದೆ.
ಈಗ ಟಿ.ವಿ.ನೂ ಬೆಲ್ಟ್ ಹಾಕಿಕೊಂಡು ಡ್ಯೂಟಿಗೆ ನಿಂತೈತಿ.

ರಾತ್ರಿ ಹಚ್ಚಿದಿವಿ.
ಗೋಡಿಗೆ ಮಾಲೀಕ ಬಳಿದ ಪಿಸ್ತಾ ಹಸಿರು.
ಕೆಂಪು ಒತ್ತಿದರ ಹುಣಸೀಹಣ್ಣಿನ ಬಣ್ಣ ಬಂತು,
ಬಿಳಿ ಒತ್ತಿದರ ಹಾಲು ಒಡದಂಗ.
"ಬಟ್ಟೀನೂ ಹಿಂಗ," ಅಂದ ಗಾದಿಲಿಂಗ, ಈ ಸಲ ತನ್ನ ಸ್ವಂತ ಮಾತು,
"ಯಾವ ತೊಟ್ಟಿಗೆ ಮುಳುಗಿಸು, ತನ್ನದೊಂದು ಚೂರು ಬೆರಸೇ ಏಳತೈತಿ."
ಬಾಗಿಲಾಗ ರಹಮತ್‌ಬಿ ಇಣುಕಿ
"ಯಾರ ಶಾದಿ ಇಟ್ಟೀರೇ?" ಅಂದಳು,
ನಿಂತು, ಕುಂತು, ಸೀರಿಯಲ್ ಪೂರ್ತಿ ನೋಡಿ ಹೋದಳು.

ಮತ್ತ ಕೆಂಪು ಒತ್ತಿದೆ.
ಅವನ ಕೈ ತೊಡಿ ಮ್ಯಾಲಿದ್ದವು.
ಮೊಣಕೈತನಕ ಸುಟ್ಟ ಕಟ್ಟಿಗಿ.
ವಾಷಿಂಗ್ ಯೂನಿಟ್ಟಿನ ನೀಲಿ ಇಳಿದ ಕೈ:
ನಿಂಬಿಹಣ್ಣು, ಬ್ಲೀಚು, ಮಜ್ಜಿಗಿ, ಯಾವುದಕ್ಕೂ ಬಗ್ಗದ್ದು,
ರೇಷನ್ ಅಂಗಡಿ ಮಿಷಿನ್ನು ಗುರುತು ಹಿಡಿಯದ್ದು,
ಮದುವಿ ಊಟದಾಗ ಪಂಕ್ತಿ ತುದಿಗೆ ಕೂಡೋದು.
ಕೆಂಪಿನಾಗ ನೋಡಲಾಗಲಿಲ್ಲ.
ಸಿಕ್ಕ ಗುಂಡಿ ಒತ್ತಿದೆ.

ನೀಲಿ.
ಗೋಡಿ, ಕೊಡ, ಹಾಸಿಗಿ, ನನ್ನ ಕೈ, ಅವನ ಕೈ.
ಕಲಿ ಹುಡುಕಿದೆ. ಎಲ್ಲೂ ಸಿಗಲಿಲ್ಲ.
ಯಾವುದೋ ಆಫೀಸಿನಾಗ ಕಡತ ತಿರುವೋ ಬೆರಳಿನಂಗ
ತಣ್ಣಗೆ ಕುಂತಿದ್ದವು ಹತ್ತೂ.

"ಬ್ಯಾರೆ ಹಚ್ಚು. ದಿನಾ ಅದನ್ನೇ ನೋಡ್ತೀನಿ," ಅಂದ.
"ಇರಲಿ," ಅಂದೆ.
ರಿಮೋಟು ದಿಂಬಿನ ಕೆಳಗ ತಳ್ಳಿದೆ.
ಯಾಕಂತ ಹೇಳಲಿಲ್ಲ. ಹೇಳೋ ಮಾತಲ್ಲ ಅದು.

ಉಳಿದ ಎರಡೂಮುಕ್ಕಾಲು ಮೀಟರು ಗುಂಡಿ ಡಬ್ಬಿಯಾಗೈತಿ.
ತುದಿಗೆ ಪಿನ್ನಿಲ್ಲ, ಹತ್ತೋದಿಲ್ಲ.
ವೈರು ಬೆಸಗಿ ಹಾಕಿಸಿ ನನ್ನ ಮಿಷಿನ್ ಕೆಳಗ ಕಟ್ಟತೀನಿ ಅಂದಾನ,
ಕರೀ ಬಟ್ಟಿ ಮ್ಯಾಲಿನ ಕರೀ ದಾರ ಕಾಣಲಿ ಅಂತ.
ಇದು ಐದನೇ ಶನಿವಾರ.
ನಾನೂ ಕೇಳಿಲ್ಲ.
ಬರೀ ಬಿಳಿ ಸಾಕು ನನಗ, ಅಂತ ಒಂದು ಸಲ ಹೇಳಿಟ್ಟೀನಿ.